ಐದು ಬಾಯಿಗೆ ನಾನೂರ ಅರವತ್ತು

ಮಾರ್ಚ್ 4

ಅಕ್ಕಾ,

ಕ್ಷೇಮದ ಮಾತು ಕೊನೆಗಿರಲಿ, ಮೊದಲು ಕೆಲಸದ ಮಾತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅತ್ತೆ ಪಕ್ಕದಲ್ಲೇ ಕೂತು, ನಿನ್ನ ಹೂಂ, ಊಹೂಂಗಳಿಂದಲೇ ನಾನು ಹೇಳಿದ್ದನ್ನೆಲ್ಲ ಊಹಿಸಿಬಿಡುತ್ತಾರೆ. ಅದಕ್ಕೇ ಈ ಕಾಗದ.

ನಮ್ಮ ಲಾಂಡ್ರಿಯಲ್ಲಿ ಕೂಲಿ ಏರಿ ಆರು ವರ್ಷವಾಯಿತು. ನಿಮ್ಮೂರಿನ ಶಾಖೆಯಲ್ಲೂ ಅಷ್ಟೇ ಎಂದು ಭಾವ ಹೇಳಿದ್ದರಲ್ಲ. ಅಲ್ಲಿ ಅವರು ಆಸ್ಪತ್ರೆ, ಹೋಟೆಲುಗಳ ಕೊಳೆ ಬಟ್ಟೆಯನ್ನು ವ್ಯಾನಿನಲ್ಲಿ ಹೊತ್ತು ತರುತ್ತಾರೆ, ಇಲ್ಲಿ ನಾನು ಅಂಥದೇ ಬಟ್ಟೆಗೆ ಇಸ್ತ್ರಿ ಹಾಕುತ್ತೇನೆ. ಮಾಲೀಕ ಒಬ್ಬ, ಕೂಲಿ ಒಂದು, ಊರು ಮಾತ್ರ ಎರಡು. ಆರು ವರ್ಷದಲ್ಲಿ ಎಣ್ಣೆ ಬೆಲೆ ಎಲ್ಲಿಗೆ ಹೋಯಿತು, ಅಕ್ಕಿ ಬೆಲೆ ಎಲ್ಲಿಗೆ ಹೋಯಿತು! ನಾವು ಮಾತ್ರ ಇದ್ದಲ್ಲೇ ಇದ್ದೇವೆ, ಗೂಟಕ್ಕೆ ಕಟ್ಟಿದ ಹಾಗೆ.

ಮೊನ್ನೆ ಸಂಘದಿಂದ ನಾಲ್ಕೈದು ಜನ ಮ್ಯಾನೇಜರ್ ಕೋಣೆಗೆ ಹೋದೆವು. ಅವರು ಕುರ್ಚಿಯಿಂದ ಬೆನ್ನು ಎತ್ತಲಿಲ್ಲ. "ಕಷ್ಟ ಕಷ್ಟ ಅಂತ ಬಾಯಲ್ಲಿ ಅಂದ್ರೆ ಆಗಲ್ಲಮ್ಮ. ಮನೆಮನೆ ವಾರದ ಖರ್ಚು ಕಾಗದದ ಮೇಲೆ ತೋರ್ಸಿ. ಆ ಊರಿನೋರೂ ಇದೇ ಕೂಲೀಲಿ ಬದುಕ್ತಿದ್ದಾರಲ್ಲ, ಅವರದ್ದೂ ತನ್ನಿ. ಮಾಲೀಕರು ಬಂದಾಗ ಇಡ್ತೀನಿ," ಎಂದರು. ನಮ್ಮನ್ನು ಸಾಗಹಾಕಲು ಹೇಳಿದ ಮಾತು ಅದು. ನಾನು ಅದನ್ನು ಸವಾಲು ಎಂದು ತೆಗೆದುಕೊಂಡೆ. ನನ್ನ ಹತ್ತಿರ ಇರುವ ಒಂದು ಪುಸ್ತಿಕೆಯಲ್ಲೂ ಇದೇ ಇದೆ: ಕೂಲಿಯ ಜಗಳ ಗೇಟಿನಲ್ಲಿ ಶುರುವಾಗುವುದಿಲ್ಲ, ಒಲೆಯ ಮುಂದೆ ಶುರುವಾಗುತ್ತದೆ. ಆ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದಿದ್ದೇನೆ.

ನೀನು ಮಾಡಬೇಕಾದದ್ದು ಇಷ್ಟೆ. ಒಂದು ವಾರದ ಖರ್ಚು ಬರೆದು ಕಳಿಸು. ಅಕ್ಕಿ, ಬೇಳೆ, ತರಕಾರಿ, ಹಾಲು, ಎಣ್ಣೆ, ಸೋಪು, ಬೆಂಕಿಪೊಟ್ಟಣ, ಏನನ್ನೂ ಬಿಡಬೇಡ. ನಿನ್ನದನ್ನು ಮಾದರಿ ಎಂದು ಮೊದಲ ಪುಟದಲ್ಲೇ ಹಾಕುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. "ಅವಳನ್ನ ಯಾಕೆ ಇದಕ್ಕೆಲ್ಲ ಎಳೀತೀಯ, ಗಂಡನ ಮನೇಲಿ ಇರೋಳು," ಎಂದು ಗೊಣಗುತ್ತಿದ್ದಾಳೆ. ಗಂಡನ ಮನೆಯಲ್ಲಿ ಇರುವವರು ಅನ್ನ ತಿನ್ನುವುದಿಲ್ಲವೇ ಎಂದು ಕೇಳಿದೆ.

ನಿನ್ನ ತಂಗಿ


ಮಾರ್ಚ್ 13

ಕರಪತ್ರಮ್ಮನವರಿಗೆ,

ನಿನ್ನ ಕಾಗದ ಓದಿ ನಗು ತಡೆಯಲಾಗಲಿಲ್ಲ. ಎಂಟನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟರನ್ನು ಕಂಡರೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದವಳು ಈಗ ಊರವರ ಲೆಕ್ಕ ನೋಡಲು ಹೊರಟಿದ್ದಾಳೆ!

ಬರೆದಿದ್ದೇನೆ, ತಗೋ. ಅಕ್ಕಿ ನೂರ ಎಪ್ಪತ್ತು. ಬೇಳೆ ಎಪ್ಪತ್ತು. ತರಕಾರಿ ಎಂಬತ್ತು, ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ಅಗ್ಗ, ನಿನಗೂ ಹೇಳಿಕೊಟ್ಟಿದ್ದೆ, ನೀನು ಕೇಳುವುದಿಲ್ಲ. ಹಾಲು ನೂರು. ಚಹಾಪುಡಿ, ಸಕ್ಕರೆ, ಉಪ್ಪು, ಬೆಂಕಿಪೊಟ್ಟಣ ಎಲ್ಲ ಸೇರಿ ನಲವತ್ತು. ಒಟ್ಟು ನಾನೂರ ಅರವತ್ತು.

ನಮ್ಮದು ಐದು ಬಾಯಿಯ ಸಂಸಾರ. ನಾವಿಬ್ಬರು, ಮಕ್ಕಳಿಬ್ಬರು, ಅತ್ತೆ. ಈ ಬೀದಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಮನೆ ನಡೆಸುವವರು ಇದ್ದರೆ ನನಗೂ ತೋರಿಸಲಿ. ಪಕ್ಕದ ಮನೆಯವಳು ತಿಂಗಳ ಕೊನೆಗೆ ಸಕ್ಕರೆಗೆ ಲೋಟ ಹಿಡಿದು ಬರುತ್ತಾಳೆ. ನಾನು ಇವತ್ತಿನವರೆಗೆ ಒಬ್ಬರ ಬಾಗಿಲಿಗೂ ಲೋಟ ಒಯ್ದಿಲ್ಲ.

ಒಂದು ಮಾತು. ನಮ್ಮ ಹೆಸರು ಎಲ್ಲೂ ಹಾಕಬೇಡ. ಈ ಲೆಕ್ಕ ಕಳಿಸಿದ್ದು ನಿಮ್ಮ ಭಾವನಿಗೆ ಗೊತ್ತಿಲ್ಲ.

ಅಮ್ಮನ ಮೊಣಕಾಲು ಹೇಗಿದೆ? ಅದನ್ನು ಬರೆಯಲು ನಿನಗೆ ಪುರುಸೊತ್ತಾಗಲಿಲ್ಲ.

ಅಕ್ಕ


ಮಾರ್ಚ್ 21

ಅಕ್ಕಾ,

ನಾನೂರ ಅರವತ್ತು! ನಂಬಲಾಗದೆ ಮೂರು ಸಲ ಕೂಡಿದೆ. ನಾನು, ಅಮ್ಮ ಇಬ್ಬರೇ ಇದ್ದೇವೆ, ನಮಗೆ ನಾನೂರ ಮೂವತ್ತಾಗಿದೆ. ನಿಮ್ಮ ಕಡೆ ಬೆಲೆ ಕಡಿಮೆಯೇನೋ ಎಂದುಕೊಂಡು ನಿಮ್ಮೂರಿಂದ ನಮ್ಮ ಯಂತ್ರಗಳಿಗೆ ಬಿಡಿಭಾಗ ತರುವ ಲಾರಿಯವನನ್ನು ಕೇಳಿದೆ. ಅಕ್ಕಿ, ಎಣ್ಣೆ, ಹಾಲು ಎಲ್ಲ ಇಲ್ಲಿಯ ಬೆಲೆಯೇ ಅಂತೆ. ಅಂದಮೇಲೆ ಇದು ನಿನ್ನ ಕೈಚಳಕ. ಆ ಕಾಗದವನ್ನು ಅಮ್ಮನ ಮುಂದೆ ಹಿಡಿದು, "ನೋಡು, ಐದು ಬಾಯಿಗೆ ನಾನೂರ ಅರವತ್ತು. ನಾವು ಎಲ್ಲಿ ಪೋಲು ಮಾಡ್ತಿದ್ದೀವಿ?" ಎಂದೆ.

ಅಮ್ಮ ಕಾಗದ ನೋಡಲಿಲ್ಲ. "ಅವಳ ಹತ್ರ ಮಂತ್ರದ ಕೋಲು ಇರಬೇಕು. ನನ್ನ ಹತ್ರ ಇರೋದು ಸೌಟು," ಎಂದಳು. ಸಾರು ಕದಡುತ್ತ, "ಚಿಕ್ಕವಳಿದ್ದಾಗ್ಲೂ ಹಾಗೇ. ಜ್ವರ ಬಂದು ಮೈ ಕೆಂಡವಾಗಿದ್ರೂ ಏನಾಗ್ತಿದೆ ಅಂದ್ರೆ ಏನೂ ಇಲ್ಲ ಅನ್ನೋಳು," ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ ನನಗೆ ಅರ್ಥವಾಗಲಿಲ್ಲ.

ನಮ್ಮ ಬೀದಿಯ ಲೆಕ್ಕವನ್ನೂ ತೆಗೆದುಕೊಂಡೆ. ಮನೆಮನೆಗೆ ಅಲೆಯುವುದು ಬೇಡವೆಂದು ನಲ್ಲಿಯ ಹತ್ತಿರವೇ ಕೂತೆ. ಬಟ್ಟೆ ಮಡಿಸುವ ವಿಭಾಗದ ಮಡಿಕೆ ಅತ್ತಿಗೆ ಮೊದಲು ಹೇಳಿದಳು: "ನಮ್ಮನೇಲಿ ಆರುನೂರು ಆಗುತ್ತೆ."

"ಆರುನೂರಾ! ನೀವೇನು ತುಪ್ಪದಲ್ಲಿ ಕೈ ತೊಳೀತೀರಾ?" ಎಂದಳು ಹಿಂದೆ ನಿಂತವಳು. "ನಮ್ಮದು ಐನೂರ ಐವತ್ತು."

"ನಾವಂತೂ ಐನೂರು ದಾಟಿದ್ದೇ ಇಲ್ಲಪ್ಪ," ಎಂದು ಮೂರನೆಯವಳು ಕೊಡ ಎತ್ತಿಕೊಂಡಳು.

ಮಡಿಕೆ ಅತ್ತಿಗೆ ನನ್ನ ಪೆನ್ಸಿಲ್ ಹಿಡಿದುಕೊಂಡಳು. "ತಡಿಯೇ. ನಾನು ಏನೇನೋ ಸೇರಿಸಿ ಹೇಳ್ಬಿಟ್ಟೆ. ನಮ್ಮದೂ ಐನೂರೇ ಬರ್ಕೋ." ತಿದ್ದಿಕೊಂಡೆ.

ಅಕ್ಕಾ, ನಮ್ಮ ಜನ ಎಷ್ಟು ಶಿಸ್ತಿನವರು! ಕೆಲಸಗಾರರು ದುಂದು ಮಾಡುತ್ತಾರೆ ಎಂದು ಮಾಲೀಕರು ಹೇಳುವುದು ಹಸಿ ಸುಳ್ಳು ಎಂದು ಇನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ಹಿಡಿತದಲ್ಲಿ ಬಾಳುವವರಿಗೆ ಕೂಲಿ ಏರಿಸಲು ಯಾರಿಗೆ ತಾನೆ ಮನಸ್ಸು ಬರುವುದಿಲ್ಲ? ನಾಳೆಯೇ ಕಾಗದವನ್ನು ಮ್ಯಾನೇಜರಿಗೆ ಕೊಡುತ್ತೇನೆ. ನಿನ್ನ ಹೆಸರು ಹಾಕಿಲ್ಲ. "ವ್ಯಾನ್ ಚಾಲಕನ ಮನೆ, ಗಂಡ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ" ಎಂದಷ್ಟೇ ಇದೆ.

ಅಮ್ಮನ ಮೊಣಕಾಲು ಹಾಗೇ ಇದೆ. ಕೇಳಿದರೆ ಏನೂ ಇಲ್ಲ ಅನ್ನುತ್ತಾಳೆ.

ನಿನ್ನ ತಂಗಿ


ಏಪ್ರಿಲ್ 2

ತಂಗೀ,

ಕಾಗದವನ್ನು ಆಗಲೇ ಕೊಟ್ಟಾಯಿತೇ? ಕೊಡದಿದ್ದರೆ ಸ್ವಲ್ಪ ತಡೆ. ಇನ್ನೊಂದೆರಡು ವಾರದ್ದು ಬೇಕಾದರೆ ಬರೆದು ಕಳಿಸುತ್ತೇನೆ, ಒಂದೇ ವಾರದ್ದು ಯಾಕೆ. ಮಗನಿಗೆ ಕೆಮ್ಮು, ಅತ್ತೆಗೆ ಮಾತ್ರೆ ತರಬೇಕು, ಹೆಚ್ಚು ಬರೆಯಲು ಆಗುತ್ತಿಲ್ಲ.

ಮಾದರಿ ಗೀದರಿ ಎಂದು ನನ್ನದನ್ನು ಮುಂದೆ ಇಡಬೇಡ.

ಅಕ್ಕ


ಏಪ್ರಿಲ್ 11

ಅಕ್ಕಾ,

ನಿನ್ನ ಕಾಗದ ತಡವಾಗಿ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿನ್ನೆ ಪಾಳಿ ಬದಲಾಗುವ ಹೊತ್ತಿಗೆ ಮ್ಯಾನೇಜರ್ ಒಳಗೆ ಬಂದರು. ಬಟ್ಟೆ ತಳ್ಳುವ ಗಾಡಿಯ ಮೇಲೆ ನಿಂತು ನನ್ನ ಕಾಗದ ಬಿಡಿಸಿದರು. ಮೊದಲು ಓದಿದ್ದೇ ನಿನ್ನದು. "ಐದು ಬಾಯಿಗೆ ನಾನೂರ ಅರವತ್ತು! ಇದು ನಾನು ಹೇಳಿದ್ದಲ್ಲ, ನಿಮ್ಮ ಸಂಘದ ಕಾಗದ. ವಾರದ ಕೂಲಿ ಸಾವಿರದ ನೂರು. ಬಾಡಿಗೆ ಕಳೆದ್ರೂ ಮುನ್ನೂರರ ಮೇಲೆ ಉಳೀತಿದೆ. ಇನ್ನೂ ಯಾಕೆ ಏರಿಸ್ಬೇಕು?" ಎಂದರು. ಆಮೇಲೆ ನಲ್ಲಿಯ ಹತ್ತಿರ ಬರೆದುಕೊಂಡದ್ದನ್ನೂ ಒಂದೊಂದಾಗಿ ಓದಿದರು. ಕೊನೆಗೆ, ಮುಂದಿನ ತಿಂಗಳಿಂದ ಪಾಳಿಯ ಊಟದ ಭತ್ಯೆ ಬೇಕಾಗಿಲ್ಲ ಎಂದು ಕಾಣುತ್ತದೆ, ಮಾಲೀಕರಿಗೆ ಹಾಗೆಯೇ ಬರೆಯುತ್ತೇನೆ, ಕಾಗದದ ಒಂದು ಪ್ರತಿ ಆ ಶಾಖೆಗೂ ಹೋಗಲಿ ಎಂದರು.

ಯಾರೂ ನನ್ನ ಮುಖ ನೋಡಲಿಲ್ಲ. ಭತ್ಯೆ ಹೋದರೆ ಮೊದಲು ಹೊಟ್ಟೆಯ ಮೇಲೆ ಏಟು ಬೀಳುವುದು ರಾತ್ರಿ ಪಾಳಿಯವರಿಗೆ. ಅವರಲ್ಲೊಬ್ಬ ನನ್ನ ಪಕ್ಕದಲ್ಲೇ ಹಾದುಹೋಗುತ್ತ, "ಪುಸ್ತಕ ಓದೋರ ಸಹವಾಸ ಮಾಡಿದ್ರೆ ಇದ್ದ ಬುತ್ತೀನೂ ಹೋಗುತ್ತೆ," ಎಂದ.

ಇಸ್ತ್ರಿ ದೊಡ್ಡಮ್ಮ, ನಮ್ಮ ವಿಭಾಗದಲ್ಲೆಲ್ಲ ಹಿರಿಯಳು, ನನ್ನನ್ನು ಬಿಸಿನೀರಿನ ಕೊಳವೆಯ ಹಿಂದಕ್ಕೆ ಎಳೆದುಕೊಂಡು ಹೋದಳು. "ಲೆಕ್ಕ ಕೇಳಿದ್ದು ಯಾರನ್ನ? ಹೆಂಗಸರನ್ನ. ಎಲ್ಲಿ? ನಲ್ಲಿ ಹತ್ರ, ಹತ್ತು ಜನರ ಎದುರು. ಹತ್ತು ಜನರ ಎದುರು ಯಾವಳಾದ್ರೂ ನಾನು ಜಾಸ್ತಿ ಖರ್ಚು ಮಾಡ್ತೀನಿ ಅಂತಾಳೇನೇ? ಮನೆ ಮುಳುಗಿಸೋಳು ಅನ್ನಿಸ್ಕೊಳ್ಳೋದಕ್ಕಾ? ನಾನೂ ನೂರು ಕಮ್ಮಿ ಹೇಳಿದ್ದೆ ಕಣೆ," ಎಂದಳು.

ಈಗ ನಿನ್ನನ್ನು ಕೇಳುತ್ತೇನೆ. ನಿನ್ನ ನಾನೂರ ಅರವತ್ತು ನಿಜವೋ ಸುಳ್ಳೋ? ನಿನ್ನ ಎದುರು ಹತ್ತು ಜನ ಇರಲಿಲ್ಲ, ನಾನೊಬ್ಬಳೇ ಇದ್ದೆ. ಒಡಹುಟ್ಟಿದವಳ ಮುಂದೆಯೂ ಜಂಬವೇ? ಲೋಟ ಹಿಡಿದು ಯಾರ ಬಾಗಿಲಿಗೂ ಹೋಗದ ನಿನ್ನ ಮಾನ ಉಳಿಯಿತು. ಇಲ್ಲಿ ನೂರು ಮನೆಯ ತಟ್ಟೆಗೆ ಕಲ್ಲು ಬಿತ್ತು. ಮ್ಯಾನೇಜರನ ಕೈಗೆ ಕೋಲು ಕೊಟ್ಟವಳು ನೀನು.

ತಂಗಿ


ಏಪ್ರಿಲ್ 30

ಅಕ್ಕಾ,

ಇಷ್ಟು ದಿನವಾದರೂ ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ನಿನ್ನ ಅತ್ತೆ, "ಅವಳಿಗೆ ಕೆಲಸ ಇದೆ," ಎಂದು ಇಡುತ್ತಾರೆ. ಮುನಿಸಿಕೊಂಡಿದ್ದೀಯ. ಸರಿ, ಮುನಿಸಿಕೊ, ಆದರೆ ಲೆಕ್ಕ ಕೊಟ್ಟು ಮುನಿಸಿಕೊ. ಹೋದ ಕಾಗದದ ಕೊನೆಯ ನಾಲ್ಕು ಸಾಲನ್ನು ಹರಿದು ಒಲೆಗೆ ಹಾಕು. ಉಳಿದದ್ದು ಇರಲಿ.

ನಾನು ಬಿಟ್ಟಿಲ್ಲ. ಬಿಡುವುದೂ ಇಲ್ಲ. ಮಾಲೀಕರು ಬರುವುದು ಮೇ ಹದಿನೈದಕ್ಕೆ ಹೋಗಿದೆ.

ಲಾಂಡ್ರಿಯ ಎದುರಿನ ದಿನಸಿ ಅಂಗಡಿ ನಿನಗೆ ನೆನಪಿರಬಹುದು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದಾರೆ. ಎತ್ತಿಕೊಂಡು ಬಂದದ್ದನ್ನೆಲ್ಲ ಕೂಡಿದಾಗ ದುಡ್ಡು ಸಾಲದೆ ಹೋದರೆ, ಬೇಡವಾದದ್ದನ್ನು ಅದರಲ್ಲಿ ಹಾಕುವುದು. ಬೇಡವಾದದ್ದು ಎಂದೆ ನೋಡು, ತಪ್ಪು. ಬೇಕಾಗಿಯೂ ಬಿಟ್ಟದ್ದು. ಬಟವಾಡೆಯ ಸಂಜೆ ಉಪ್ಪು ತರಲು ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ಮಡಿಕೆ ಅತ್ತಿಗೆ. ಸಾಮಾನೆಲ್ಲ ಕೂಡಿದ ಮೇಲೆ ಅವಳು ಬಟ್ಟೆ ಸೋಪು ತೆಗೆದು ಬುಟ್ಟಿಗೆ ಹಾಕಿದಳು. ಆಮೇಲೆ ಮೊಟ್ಟೆ. ಆಮೇಲೆ ಮಗುವಿನ ಬಿಸ್ಕತ್ತು ಹಾಕಿ, ಮತ್ತೆ ತೆಗೆದುಕೊಂಡು, ಅದರ ಬದಲು ಚಹಾಪುಡಿ ಹಾಕಿದಳು. ಐನೂರು ಎಂದು ನನ್ನ ಕೈಯಲ್ಲಿ ತಿದ್ದಿಸಿದವಳು! ನನ್ನನ್ನು ನೋಡಿ, "ಮರೆತು ಎರಡು ಸಲ ಎತ್ಕೊಂಡಿದ್ದೆ," ಎಂದು ನಕ್ಕಳು. ಊರಿನ ಹಾಸಿಗೆಯನ್ನೆಲ್ಲ ಒಗೆದು ಹಾಸುವವರು ನಾವು, ಅಕ್ಕಾ. ನಮ್ಮ ಮನೆಯ ಸೋಪು ಬುಟ್ಟಿಯಲ್ಲಿ.

ನಾನು ಕೇಳಿದ ಪ್ರಶ್ನೆಯೇ ತಪ್ಪು ಎಂದು ಅಲ್ಲೇ ಹೊಳೆಯಿತು. ಈಗ ನಲ್ಲಿಯ ಹತ್ತಿರ ಕೂರುವುದಿಲ್ಲ. ಒಂದೊಂದೇ ಮನೆಗೆ ಹೋಗಿ, ಬಾಗಿಲು ಮುಂದಕ್ಕೆ ಮಾಡಿ ಕೇಳುತ್ತೇನೆ: "ಎಷ್ಟು ಖರ್ಚಾಯ್ತು ಅಂತ ಹೇಳ್ಬೇಡಿ. ಈ ವಾರ ಏನು ವಾಪಸ್ ಇಟ್ರಿ?" ಮೊದಲು ಬಾಗಿಲ ಕಡೆ ನೋಡುತ್ತಾರೆ, ಆಮೇಲೆ ಕಟ್ಟೆ ಒಡೆಯುತ್ತದೆ. ಹೆಚ್ಚು ಮನೆಗಳಲ್ಲಿ ಕೇಳಿಬಂದದ್ದು ತಿಂಗಳ ಪ್ಯಾಡು. ಅದನ್ನು ಹೇಳುವಾಗ ಎಲ್ಲರ ದನಿಯೂ ತಗ್ಗುತ್ತದೆ. ನಾನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಆದರೆ ನಿಮ್ಮೂರಿನ ಕಡೆ ನನ್ನ ಹತ್ತಿರ ಇರುವುದು ಆ ನಾನೂರ ಅರವತ್ತು ಒಂದೇ. ಅದು ಹಾಗೇ ನಿಂತರೆ ಇಲ್ಲಿ ಏನು ಕಟ್ಟಿದರೂ ಬೀಳುತ್ತದೆ.

ತಂಗಿ


ಮೇ 9

ತಂಗೀ,

ಮುನಿಸಿಕೊಳ್ಳಲು ನನಗೆ ಪುರುಸೊತ್ತು ಎಲ್ಲಿತ್ತು?

ನಿನ್ನ ಕಾಗದದ ಪ್ರತಿಯನ್ನು ಇಲ್ಲಿ ವ್ಯಾನ್ ನಿಲ್ಲಿಸುವ ಶೆಡ್ಡಿನ ಗೋಡೆಗೆ ಅಂಟಿಸಿದರು. ಹೆಸರಿಲ್ಲ ಎಂದಿದ್ದೆ ನೀನು. ಇಬ್ಬರು ಮಕ್ಕಳು, ಮನೆಯಲ್ಲಿ ತಾಯಿ ಇರುವ ಚಾಲಕ ಆ ಶೆಡ್ಡಿನಲ್ಲಿ ಒಬ್ಬರೇ. ಅವತ್ತು ಸಂಜೆ ನಿಮ್ಮ ಭಾವ ಚಪ್ಪಲಿ ಬಿಡದೆ ಒಳಗೆ ಬಂದರು. "ವಾರ ವಾರ ಎಂಟುನೂರು ನಿನ್ನ ಕೈಗೆ ಕೊಡ್ತೀನಿ. ಖರ್ಚು ನಾನೂರ ಅರವತ್ತು ಅಂತ ಗೋಡೆ ಮೇಲಿದೆ. ಉಳಿದದ್ದು ಎಲ್ಲಿ?" ಎಂದರು.

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ತಪ್ಪಾಯಿತು. ಅತ್ತೆ ಬಾಗಿಲಲ್ಲಿ ನಿಂತು, "ಇನ್ನೆಲ್ಲಿ, ತೌರಿಗೆ ಕಾಲುವೆ ತೋಡಿದ್ದಾಳೆ," ಎಂದರು. ಮರುದಿನ ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಡುಗೆಮನೆಯ ಡಬ್ಬವೆಲ್ಲ ನೆಲದ ಮೇಲಿತ್ತು. ಅತ್ತೆ ಬೇಳೆ ಡಬ್ಬದಲ್ಲಿ ಮೊಣಕೈವರೆಗೆ ಕೈ ಇಟ್ಟುಕೊಂಡು ಕೂತಿದ್ದರು. ತಳದಲ್ಲಿ ಒಂದು ಹಿಡಿ ಬೇಳೆ, ದುಡ್ಡು ಎಲ್ಲಿಂದ ಬರಬೇಕು? ಇವರು ಮತ್ತೆ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಊಟಕ್ಕೆ ಕೂತಾಗಲೂ ನನ್ನ ಮುಖ ನೋಡುತ್ತಿರಲಿಲ್ಲ. ಆ ಲೆಕ್ಕ ಸುಳ್ಳು ಎಂದರೆ ನಾನು ಸುಳ್ಳಿ, ನಿಜ ಎಂದರೆ ಕಳ್ಳಿ. ಯಾವುದನ್ನು ಆರಿಸಿಕೊಳ್ಳಲಿ? ಅದರ ಮೇಲೆ ನಿನ್ನ ಕಾಗದ ಬಂತು, ಕೋಲು ಕೊಟ್ಟವಳು ಅಂತ.

ನೀನು ಕೇಳಿದ್ದಕ್ಕೆ ಉತ್ತರ: ಸುಳ್ಳಲ್ಲ. ಅತ್ತೆ ನಾದಿನಿಯ ಮನೆಗೆ ಹೋಗಿದ್ದ ವಾರ ಅದು. ಎಣ್ಣೆ, ಸೋಪು ಹಿಂದಿನ ವಾರ ತಂದಿದ್ದೆ. ಯಾರಿಗೂ ಕೆಮ್ಮಿರಲಿಲ್ಲ. ನೀನು ಒಂದು ವಾರ ಎಂದೆ, ನಾನು ನನ್ನ ಒಳ್ಳೆಯ ವಾರ ಕೊಟ್ಟೆ. ಫೋಟೋ ತೆಗೆಯುತ್ತೇನೆ ಎಂದರೆ ಯಾರಾದರೂ ತಲೆ ಬಾಚಿಕೊಳ್ಳದೆ ನಿಲ್ಲುತ್ತಾರೆಯೇ? ನೀನು ಆ ಫೋಟೋ ಒಯ್ದು ಮ್ಯಾನೇಜರಿಗೆ ತೋರಿಸುತ್ತೀ ಎಂದು ಗೊತ್ತಿತ್ತು. ತಲೆ ಕೆದರಿಕೊಂಡು ನಿಲ್ಲಬೇಕಿತ್ತು ಎಂದು ಮಾತ್ರ ಗೊತ್ತಿರಲಿಲ್ಲ.

ಕೊನೆಗೊಂದು ಬಟವಾಡೆಯ ದಿನ ಇವರು ದುಡ್ಡು ಚಾಚಿದಾಗ ನಾನು ಕೈ ಚಾಚಲಿಲ್ಲ. ಮೊಳೆಯಲ್ಲಿ ತೂಗುಹಾಕಿದ್ದ ಚೀಲ ತೆಗೆದು ಅವರ ಮುಂದಿಟ್ಟೆ. "ಈ ವಾರ ನೀವೇ ತನ್ನಿ. ಎಂಟುನೂರೂ ನಿಮ್ಮ ಹತ್ರಾನೇ ಇರ್ಲಿ. ತಂದದ್ದನ್ನ ಬೇಯಿಸಿ ಹಾಕ್ತೀನಿ, ಅಷ್ಟೇ ನನ್ನ ಕೆಲಸ," ಎಂದೆ.

ಮೊದಲ ದಿನ ಮದುಮಗನ ಹಾಗೆ ಬಂದರು. ಹಣ್ಣು, ದೊಡ್ಡ ಪೊಟ್ಟಣ ಚಹಾಪುಡಿ, ಮಕ್ಕಳಿಗೆ ಬಿಸ್ಕತ್ತು. ಅತ್ತೆ, "ನೋಡು, ಗಂಡಸು ತಂದ್ರೆ ಮನೆ ಹೇಗೆ ತುಂಬುತ್ತೆ," ಎಂದರು. ಮೂರನೆಯ ದಿನ ಎಣ್ಣೆ ಮುಗಿಯಿತು.

"ಇಷ್ಟು ಬೇಗ ಹೇಗೆ ಮುಗೀತು?"

"ನೀವು ತಂದದ್ದು ಅರ್ಧ ಲೀಟರ್ ಅಲ್ವಾ?"

"ಶೀಶೆ ದೊಡ್ಡದಾಗಿ ಕಾಣ್ತಿತ್ತು..."

ಆಮೇಲೆ ಗ್ಯಾಸು, ಆಮೇಲೆ ಅತ್ತೆಯ ಮಾತ್ರೆ. ಐದನೆಯ ದಿನ ಅಂಗಡಿಯಲ್ಲಿ ಅಕ್ಕಿಯನ್ನೇ ಅರ್ಧ ವಾಪಸ್ ಸುರಿಸಿದರಂತೆ. ತೂಕ ಮಾಡುವ ಹುಡುಗಿ, "ನಿಮ್ಮನೆಯವರು ಮೊದಲು ಬೆಲೆ ಕೇಳಿ ಆಮೇಲೆ ಮುಟ್ತಾರೆ ಸಾರ್," ಎಂದಳಂತೆ. ಬಂದವರು ಹೊಸಿಲ ಮೇಲೆ ಕೂತರು. ಚೀಲ ಮಡಿಲಲ್ಲಿತ್ತು. "ನೀನು ಇದನ್ನ ಹೇಗೆ ನಡೆಸ್ತಿದ್ದೆ?" ಎಂದರು.

"ನಡೀತಿರಲಿಲ್ಲ. ನಡೀತಿದೆ ಅಂತ ಹೇಳ್ತಿದ್ದೆ," ಎಂದೆ. ಮದುವೆಯಾದ ಮೇಲೆ ಅವರ ಮುಂದೆ ಈ ಮಾತು ಆಡಿದ್ದು ಇದೇ ಮೊದಲು.

ಅವರು ಮರುದಿನ ಶೆಡ್ಡಿನಲ್ಲಿ ಇದನ್ನು ಹೇಳಿದರು. ಚಾಲಕರೆಲ್ಲ, "ಚೀಲ ಹಿಡಿದ ಗಂಡ," ಎಂದು ಹಂಗಿಸಿದರು. "ನಿಮ್ಮ ಕೈಲಿ ಏಳು ದಿನ ಆಗುತ್ತೇನ್ರೋ? ಮಾಡಿ ತೋರ್ಸಿ, ಗೋಡೆ ಮೇಲಿನ ಕಾಗದ ನಾನೇ ತಿಂತೀನಿ," ಎಂದರಂತೆ ಇವರು. ಈಗ ಶೆಡ್ಡಿನ ಗಂಡಸರೆಲ್ಲ ಚೀಲ ಹಿಡಿದಿದ್ದಾರೆ. ಯಾರೂ ಏಳನೆಯ ದಿನ ಮುಟ್ಟಿಲ್ಲ, ಆದ್ದರಿಂದ ಇವರು ಕಾಗದ ತಿನ್ನುವುದು ತಪ್ಪಿತು. ಒಬ್ಬೊಬ್ಬರೂ ತಮ್ಮ ತಮ್ಮ ವಾರವನ್ನು ತಮ್ಮ ಕೈಯಲ್ಲೇ ಬರೆದು ಸಹಿ ಮಾಡಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ. ಹೆಸರು ಹಾಕಬೇಡ ಎಂದಿದ್ದೆನಲ್ಲ, ಈಗ ಹಾಕು. ಮೊದಲು ನನ್ನದು, ಆಮೇಲೆ ಅವರದ್ದು.

ನಿನ್ನ ಕೊನೆಯ ನಾಲ್ಕು ಸಾಲನ್ನು ಒಲೆಗೆ ಹಾಕಿಲ್ಲ. ನಿನಗೆ ಹಲ್ಲು ಬಿದ್ದ ಮೇಲೆ ಓದಿ ಹೇಳುತ್ತೇನೆ.

ಅಕ್ಕ


ಮೇ 17

ಅಕ್ಕಾ,

ಆ ಸಾಲುಗಳನ್ನು ಈಗಲೇ ಓದಿ ಹೇಳು, ಕೇಳಿಸಿಕೊಳ್ಳುತ್ತೇನೆ. ಒಂದು ವಾರ ಬರೆ ಎಂದು ನಿನಗೆ ಹೇಳಿದವಳು ನಾನು. ಯಾವ ವಾರ ಎಂದು ಕೇಳದವಳೂ ನಾನೇ.

ಮೊನ್ನೆ ಮಾಲೀಕರ ಮುಂದೆ ನಮ್ಮ ಬುಟ್ಟಿಯ ಲೆಕ್ಕವನ್ನೂ ನಿಮ್ಮ ಗಂಡಸರ ಕಾಗದಗಳನ್ನೂ ಒಟ್ಟಿಗೆ ಇಟ್ಟೆವು. ಮಾಲೀಕರು ತಾಳ್ಮೆಯಿಂದ ಓದಿದರು. ಮ್ಯಾನೇಜರ್ ತಡೆಯಲಾರದೆ, "ಸಾರ್, ಇದು ಗಂಡಸರು ತಂದದ್ದು. ಅವರಿಗೆ ಕೊಳ್ಳೋಕೆ ಎಲ್ಲಿ ಬರುತ್ತೆ? ಪೋಲು ಮಾಡಿದ್ದಾರೆ," ಎಂದರು.

ದೊಡ್ಡಮ್ಮ ಕೇಳಿದಳು: "ಅಂದ್ರೆ ನೀವು ಕೊಡೋ ಕೂಲಿ ಸಾಕಾಗ್ಬೇಕಾದ್ರೆ ಮನೇಲಿ ಒಬ್ಬಳು ಅರ್ಧ ಹೊಟ್ಟೇಲಿ ಇರೋದು ಕಲಿತಿರಬೇಕು ಅಂತಾನಾ ಸಾರ್?" ಮ್ಯಾನೇಜರ್ ನೀರು ಕುಡಿದರು.

ಮಾಲೀಕರು ಕಿಟಕಿಯ ಹತ್ತಿರ ಹೋಗಿ ನಿಂತು ಬಂದರು. ಭತ್ಯೆ ಮುಟ್ಟುವುದಿಲ್ಲ ಎಂದರು. ಈಗಿರುವ ಕೂಲಿಯ ಮೇಲೆ ಕಾಲು ಭಾಗ ಏರಿಸುತ್ತೇನೆ ಎಂದರು. ಆಮೇಲೆ ಹೇಳಿದರು: "ಈ ಊರಿಗೆ ಮಾತ್ರ. ಆ ಶಾಖೆದು ಆಮೇಲೆ ನೋಡೋಣ. ಸಂಜೆಯೊಳಗೆ ಸಹಿ ಹಾಕಿ. ಇಲ್ಲಾಂದ್ರೆ ಇದೂ ಇಲ್ಲ."

ಚಾದರ ಒಣಗಿಸುವ ಅಂಗಳದಲ್ಲಿ ಎಲ್ಲರೂ ಸೇರಿದೆವು. ಮಾತಾಡು ಎಂದು ನನ್ನನ್ನು ಮುಂದೆ ತಳ್ಳಿದರು. ಓದಿದ ಪುಸ್ತಿಕೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ, ಒಂದು ಸಾಲೂ ನೆನಪಿಗೆ ಬರಲಿಲ್ಲ. ನನ್ನ ಎದುರು ಇದ್ದವರು ಮೊಟ್ಟೆ ವಾಪಸ್ ಇಟ್ಟವರು, ಪ್ಯಾಡು ವಾಪಸ್ ಇಟ್ಟವರು. ಏರಿಕೆ ಬೇಡ ಎನ್ನಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ? "ಅಲ್ಲಿರೋದು ನನ್ನಕ್ಕ. ಅದಕ್ಕೇ ನಾನು ಏನೂ ಹೇಳಲ್ಲ, ನೀವೇ ಹೇಳಿ," ಎಂದಷ್ಟೇ ಹೇಳಿದೆ.

ಮಡಿಕೆ ಅತ್ತಿಗೆ ಎದ್ದು ನಿಂತಳು. "ಆ ಊರಿನ ಗಂಡಸರು ಚೀಲ ಹಿಡಿದು, ನಗೆಪಾಟಲಾಗಿ, ಸಹಿ ಹಾಕಿ ಕಳಿಸಿದ್ರು. ಅದನ್ನೇ ತೋರ್ಸಿ ನಾವು ಏರಿಸ್ಕೊಂಡು, ಅವರನ್ನ ಬೀದೀಲಿ ಬಿಡೋದಾ? ನನ್ನ ಗಂಟಲಲ್ಲಿ ಇಳಿಯಲ್ಲ," ಎಂದಳು. ರಾತ್ರಿ ಪಾಳಿಯ ಆ ಮನುಷ್ಯ, ಪುಸ್ತಕದವರ ಸಹವಾಸ ಬೇಡ ಎಂದಿದ್ದವನು, ಅವಳ ನಂತರ ಕೈ ಎತ್ತಿದ. ಎಲ್ಲರೂ ಎತ್ತಲಿಲ್ಲ. ಸಾಕಷ್ಟು ಜನ ಎತ್ತಿದರು.

ಸಹಿ ಹಾಕಲಿಲ್ಲ. ಎರಡೂ ಊರಿಗೆ ಒಂದೇ ಏರಿಕೆ ಎಂದು ಒಪ್ಪುವವರೆಗೆ ಸೋಮವಾರದಿಂದ ಇಲ್ಲಿ ಹೋಟೆಲುಗಳ ಬಟ್ಟೆಗೆ ಬಾಯ್ಲರ್ ಹೊತ್ತುವುದಿಲ್ಲ. ಆಸ್ಪತ್ರೆಯ ಬಟ್ಟೆ ಮಾತ್ರ ಒಗೆದು ಕೊಡುತ್ತೇವೆ, ರೋಗಿಗಳ ಮೇಲೆ ನಮಗೇನು ಸಿಟ್ಟು? ಅಮ್ಮ ಕೇಳಿ, "ಕಾಲಿಗೆ ಬಂದ ಲಕ್ಷ್ಮೀನ ಒದ್ದು ಬಂದ್ಯಾ!" ಎಂದು ಕೂಗಾಡಿದಳು. ಆಮೇಲೆ, ಇರುವ ಅಕ್ಕಿ ಎಷ್ಟು ದಿನಕ್ಕೆ ಬರುತ್ತದೆ ಎಂದು ತಾನೇ ಅಳೆಯಲು ಕೂತಳು.

ನೀವೂ ನಿಲ್ಲಿಸಿ ಎಂದು ನಾನು ಬರೆಯುವುದಿಲ್ಲ. ನಿನಗೆ ಮಕ್ಕಳಿದ್ದಾರೆ.

ನಿನ್ನ ತಂಗಿ


ಮೇ 26

ತಂಗೀ,

ಮಕ್ಕಳಿರುವುದರಿಂದಲೇ ನಿಲ್ಲಿಸಿದೆವು. ಸೋಮವಾರದಿಂದ ಇಲ್ಲೂ ಆಸ್ಪತ್ರೆಯ ವ್ಯಾನ್ ಬಿಟ್ಟು ಬೇರೆ ಯಾವುದೂ ಹೊರಟಿಲ್ಲ. ಹೋಟೆಲಿನವರು ಮ್ಯಾನೇಜರಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರಂತೆ. ನಾವು ಏಳೆಂಟು ಮನೆಯವರು ಒಂದೇ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದೇವೆ. ಪಕ್ಕದ ಮನೆಯವಳ ಹತ್ತಿರ ಸಕ್ಕರೆ ಕೇಳಿ ತಂದೆ. ಲೋಟ ಹಿಡಿದುಕೊಂಡೇ ಹೋಗಿದ್ದೆ. ಅವಳು ತುಂಬಿಸಿ ಕೊಟ್ಟಳು.

ನಿನ್ನೆ ಸಂಜೆ ಇಲ್ಲಿಯ ಮ್ಯಾನೇಜರ್ ಶೆಡ್ಡಿಗೆ ಬಂದರು. ಎರಡು ಶಾಖೆಯನ್ನೂ ಒಂದೇ ಮೇಜಿನಲ್ಲಿ ಕೂರಿಸಿ ಮಾತಾಡಲು ಮಾಲೀಕರು ಒಪ್ಪಿದ್ದಾರಂತೆ. "ಖರ್ಚಿನ ಕಥೆ ಸಾಕು, ಒಂದು ಮನೆಗೆ ವಾರಕ್ಕೆ ಏನೇನು ಬೇಕು, ಅದನ್ನ ಬರೆದುಕೊಡಿ," ಎಂದರು. ನಿಮಗೂ ಹಾಗೆಯೇ ಹೇಳಿರಬೇಕು.

ಇವತ್ತು ನಮ್ಮ ಮನೆಯಲ್ಲಿ ಹೆಂಗಸರು ಸೇರಿದ್ದೆವು. ಬರೆದುಕೊಳ್ಳುವವಳು ನಾನು. ಮಕ್ಕಳಿಗೆ ಏನು ಬೇಕು ಎಂದರೆ ನಾ ಮುಂದು ತಾ ಮುಂದು ಎಂದು ಹೇಳಿದರು. ಗಂಡಂದಿರಿಗೆ ಎಂದರೆ ಅದನ್ನೂ ಹೇಳಿದರು. ಅತ್ತೆ ಮೂಲೆಯಿಂದ, "ನನಗೆ ವಾರಕ್ಕೆರಡು ಸಲ ಮೊಸರು, ಬರ್ಕೋ," ಎಂದರು. ಬರೆದುಕೊಂಡೆ. ಆಮೇಲೆ, ನಿಮಗೇನು ಬೇಕು ಎಂದು ಕೇಳಿದೆ. ಒಬ್ಬಳು ಗೋಡೆ ನೋಡಿದಳು, ಒಬ್ಬಳು ಸೆರಗಿನ ಅಂಚು ನೋಡಿದಳು. "ನಮಗೇನು ಬಿಡು, ಹೇಗೋ ಆಗುತ್ತೆ," ಎಂದರು. ಅವರನ್ನು ನೋಡಿ ನನಗೆ ಸಿಟ್ಟು ಬಂತು, ತಂಗೀ. ನಾನೂ ಅಲ್ಲಿ ಅವರ ಹಾಗೆಯೇ ಕೂತಿದ್ದೇನಲ್ಲ ಎಂದು ಇನ್ನೂ ಹೆಚ್ಚು ಬಂತು.

ಪೆನ್ಸಿಲ್ ಕೆಳಗಿಟ್ಟು, ಬೀದಿಗೆ ಕೇಳುವ ಹಾಗೆ ಹೇಳಿದೆ: ದಿನಕ್ಕೊಂದು ಲೋಟ ಹಾಲು, ನನಗೆ, ಮಕ್ಕಳ ಪಾಲಿನದಲ್ಲ. ತಿಂಗಳ ಪ್ಯಾಡು, ಪೂರ್ತಿ ಪೊಟ್ಟಣ. ಕಣ್ಣು ತೋರಿಸಿ ಕನ್ನಡಕ. ಹೊಲಿಗೆ ಹಾಕಿಸಿದ್ದಲ್ಲದ ಒಂದು ಜೊತೆ ಚಪ್ಪಲಿ. ಬೆಳಿಗ್ಗೆ ಎಲ್ಲರ ಜೊತೆ ಕೂತು ತಿನ್ನುವಷ್ಟು ತಿಂಡಿ.

ನನ್ನ ಬಾಯಿ ಮುಚ್ಚುವ ಮೊದಲೇ ಪಕ್ಕದ ಮನೆಯವಳು ಪೆನ್ಸಿಲ್ ಕಿತ್ತುಕೊಂಡಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು, ಕಾಗದ ಸಾಲಲಿಲ್ಲ. ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡೆವು. ಎಲ್ಲವನ್ನೂ ಕಳಿಸುತ್ತಿದ್ದೇನೆ. ಮೇಜಿನ ಮೇಲೆ ಹೀಗೆಯೇ ಇಡು, ಅಂದವಾಗಿ ಕಾಣಲಿ ಎಂದು ಒಂದನ್ನೂ ಹೊಡೆದುಹಾಕಬೇಡ.

ಅಕ್ಕ